ಗಡಸು ನೀರಿನ ಊರಿನಲ್ಲಿ ಹ್ಯೂಮಿಡಿಫೈಯರ್ ಫಿಲ್ಟರ್ ಎಷ್ಟು ದಿನ ಬಾಳುತ್ತದೆ?

ಪ್ರಶ್ನೆ: ನಮ್ಮ ಮನೆ ಶಿಡ್ಲಘಟ್ಟದ ಬಳಿ ಇದೆ. ಶಿವರಾತ್ರಿ ಕಳೆದ ಮೇಲೆ 68 ವರ್ಷದ ನಮ್ಮ ತಾಯಿಯವರಿಗೆ ಮೂಗು, ಗಂಟಲು ಒಣಗಿ, ಕೆಲವು ದಿನ ಬೆಳಗ್ಗೆ ಮೂಗಿನಲ್ಲಿ ರಕ್ತವೂ ಕಾಣಿಸಿಕೊಳ್ಳುತ್ತದೆ. ಮಲಗುವ ಕೋಣೆಯಲ್ಲಿ ತೇವಾಂಶ ಇರಲಿ ಎಂದು ವೈದ್ಯರು ಹೇಳಿದ್ದರಿಂದ, ಫ್ಯಾನ್ ಮತ್ತು ಕಾಗದದ ಫಿಲ್ಟರ್ ಇರುವ ಹ್ಯೂಮಿಡಿಫೈಯರ್ ತಂದೆವು. ರಾತ್ರಿಗೆ ಸುಮಾರು ಮೂರು ಲೀಟರ್ ಬೋರ್‌ವೆಲ್ ನೀರು ಖರ್ಚಾಗುತ್ತದೆ. ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 1,100 ಎಂದು ಅಳೆದವರು ಹೇಳಿದ್ದಾರೆ. ಮೂರು ತಿಂಗಳು ಬಾಳುತ್ತದೆ ಎಂದು ಕೊಟ್ಟ ಫಿಲ್ಟರ್ ಮೂರೇ ವಾರದಲ್ಲಿ ಹಳದಿಯಾಗಿ, ಗಟ್ಟಿಯಾಗಿದೆ. ಮುಗ್ಗಲು ವಾಸನೆಯೂ ಬರುತ್ತಿದೆ. ಅದನ್ನು ತೊಳೆದು ಬಳಸಬಹುದೇ? ಕೂಲರ್ ಪ್ಯಾಡ್ ಕತ್ತರಿಸಿ ಹಾಕಬಹುದೇ, ಅಥವಾ ಫಿಲ್ಟರ್ ಇಲ್ಲದೆಯೇ ನಡೆಸಬಹುದೇ? ಫಿಲ್ಟರೇ ಇಲ್ಲದ ಅಲ್ಟ್ರಾಸಾನಿಕ್ ಯಂತ್ರ ತಂದರೆ ಈ ಕಾಟವೇ ಇರುವುದಿಲ್ಲ ಎಂದು ನೆಂಟರೊಬ್ಬರು ಹೇಳುತ್ತಾರೆ, ನಿಜವೇ? ರೇಷ್ಮೆ ಹುಳು ಮನೆಗೆಂದು ತಂದ ಬ್ಲೀಚಿಂಗ್ ಪುಡಿಯನ್ನು ಒಂದು ಚಿಟಿಕೆ ನೀರಿಗೆ ಹಾಕಿದರೆ ವಾಸನೆ ಹೋಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇಂದು ರಾತ್ರಿಯೇ ತಿಳಿದಿರಬೇಕಾದ ವಿಷಯ. ಬ್ಲೀಚಿಂಗ್ ಪುಡಿಯನ್ನಾಗಲಿ, ಹುಳು ಮನೆಯ ಸೋಂಕು ನಿವಾರಣೆಗೆ ಇಟ್ಟುಕೊಂಡಿರುವ ಕ್ಲೋರಿನ್ ಡೈಆಕ್ಸೈಡ್ ಅಥವಾ ಫಾರ್ಮಲಿನ್ ದ್ರಾವಣವನ್ನಾಗಲಿ, ನೆಲ ಒರೆಸುವ ಫಿನಾಯಿಲನ್ನಾಗಲಿ ಹ್ಯೂಮಿಡಿಫೈಯರ್‌ನ ನೀರಿಗೆ ಒಂದು ಚಿಟಿಕೆಯಷ್ಟೂ, ಒಂದು ಹನಿಯಷ್ಟೂ ಹಾಕಬೇಡಿ. ಹುಳು ಮನೆಯಲ್ಲಿ ಇವನ್ನು ಬಳಸುವುದು ಹುಳು ತರುವುದಕ್ಕೆ ಮೊದಲು, ಖಾಲಿ ಕೊಠಡಿಯಲ್ಲಿ. ಆಮೇಲೆ ಗಾಳಿಯಾಡಲು ಬಿಟ್ಟೇ ಒಳಗೆ ಹೋಗುತ್ತೇವೆ. ಹ್ಯೂಮಿಡಿಫೈಯರ್ ಇರುವ ಕೋಣೆಯಲ್ಲಾದರೋ ಮನುಷ್ಯರು ಬಾಗಿಲು ಮುಚ್ಚಿಕೊಂಡು ಎಂಟು ಗಂಟೆ ಉಸಿರಾಡುತ್ತಾ ಮಲಗಿರುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಹ್ಯೂಮಿಡಿಫೈಯರ್ ನೀರಿಗೆ ಬೆರೆಸುವುದಕ್ಕೆಂದೇ ತಯಾರಿಸಿದ ಸೋಂಕು ನಿವಾರಕಗಳು 1994ರಿಂದ ಮಾರಾಟದಲ್ಲಿದ್ದವು. ಗರ್ಭಿಣಿಯರಲ್ಲಿ ಮತ್ತು ಎಳೆಯ ಮಕ್ಕಳಲ್ಲಿ ಕಾಣಿಸಿಕೊಂಡ ವಿಚಿತ್ರವಾದ, ತೀವ್ರವಾದ ಶ್ವಾಸಕೋಶದ ಹಾನಿಗೆ ಅವೇ ಕಾರಣವೆಂದು 2011ರಲ್ಲಿ ಪತ್ತೆಯಾಗಿ ಮಾರಾಟ ನಿಂತಿತು. ಅಷ್ಟು ಹೊತ್ತಿಗೆ ನೂರಾರು ಜೀವಗಳು ಹೋಗಿದ್ದವು. ಚರ್ಮಕ್ಕೆ ತಾಗಿದರೆ ಹೆಚ್ಚೇನೂ ಮಾಡದ ರಾಸಾಯನಿಕವೊಂದು ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದಾಗ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದುಃಖಕರವಾದ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ಯಂತ್ರದ ವಾಸನೆಗೆ ಬೇರೆ ಪರಿಹಾರವಿದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ಫಿಲ್ಟರ್‌ನ ವಿಷಯ. ಫಿಲ್ಟರ್ ಎಂದಾಕ್ಷಣ ಅದು ಗಾಳಿಯನ್ನೋ ನೀರನ್ನೋ ಶುದ್ಧ ಮಾಡುತ್ತದೆ ಎಂದು ನಾವು ಭಾವಿಸುತ್ತೇವೆ. ನಿಮ್ಮಲ್ಲಿರುವ ಬಗೆಯ ಯಂತ್ರದಲ್ಲಿ ಅದರ ಮುಖ್ಯ ಕೆಲಸ ನೀರನ್ನು ಹೀರಿಕೊಂಡು, ಅಗಲವಾಗಿ ಹರಡಿ, ಗಾಳಿಗೆ ಒಡ್ಡುವುದು. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಕಾಗದದ ನಾರುಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ತಾನಾಗಿ ಮೇಲೇರುತ್ತದೆ, ಜೇನುಗೂಡಿನಂತೆ ಮಡಿಸಿದ ಪದರಗಳೆಲ್ಲ ಒದ್ದೆಯಾಗುತ್ತವೆ, ಹಿಂದಿನ ಫ್ಯಾನ್ ಕೋಣೆಯ ಒಣ ಗಾಳಿಯನ್ನು ಆ ಪದರಗಳ ನಡುವೆ ಹಾಯಿಸುತ್ತದೆ, ನೀರು ಆವಿಯಾಗಿ ಗಾಳಿಯೊಂದಿಗೆ ಹೊರಡುತ್ತದೆ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಣೆಯ ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ತೇವಾಂಶ ಏರಿದಂತೆಲ್ಲ ಆವಿಯಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದ ಈ ಬಗೆಯ ಯಂತ್ರ ಕೋಣೆಯನ್ನು ಅತಿಯಾಗಿ ಒದ್ದೆ ಮಾಡುವ ಸಂಭವ ಕಡಿಮೆ. ಫಿಲ್ಟರ್ ತೆಗೆದು ನಡೆಸಿದರೆ ಫ್ಯಾನ್ ತಟ್ಟೆಯ ನೀರಿನ ಮೇಲೆ ಸುಮ್ಮನೆ ಗಾಳಿ ಬೀಸುತ್ತದೆಯೇ ಹೊರತು ತಾಯಿಯವರಿಗೆ ಪ್ರಯೋಜನವಾಗುವಷ್ಟು ತೇವಾಂಶ ಬರುವುದಿಲ್ಲ. ಆ ಯೋಚನೆಯನ್ನು ಬಿಡಿ.

ಗಾಳಿಯಲ್ಲಿರುವ ಧೂಳು, ಕೂದಲು ಒಂದಿಷ್ಟು ಈ ಒದ್ದೆ ಕಾಗದಕ್ಕೆ ಅಂಟಿಕೊಳ್ಳುತ್ತವೆ ಎಂಬುದು ನಿಜ. ಅದು ಲಾಭವೆನ್ನುವುದಕ್ಕಿಂತ ತೊಂದರೆಯೇ ಸರಿ, ಏಕೆಂದರೆ ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ಕೆಲವು ಯಂತ್ರಗಳಲ್ಲಿ ಗಾಳಿ ಒಳಹೋಗುವ ಕಡೆ ತೆಳುವಾದ ಜಾಲರಿ ಅಥವಾ ಸ್ಪಂಜಿನ ಹಾಳೆ ಬೇರೆಯಾಗಿ ಇರುತ್ತದೆ. ಅದನ್ನು ವಾರಕ್ಕೊಮ್ಮೆ ತೊಳೆದು, ಒಣಗಿಸಿ ಹಾಕಿದರೆ ಸಾಕು.

ನಿಮ್ಮ ಫಿಲ್ಟರ್ ಮೂರೇ ವಾರದಲ್ಲಿ ಗಟ್ಟಿಯಾದದ್ದಕ್ಕೆ ಕಾರಣ ಒಂದೇ: ಆವಿಯಾಗಿ ಹೋಗುವುದು ಬರೀ ನೀರು, ನೀರಿನಲ್ಲಿ ಕರಗಿದ್ದ ಲವಣಗಳೆಲ್ಲ ಹಿಂದೆ ಉಳಿಯುತ್ತವೆ. ಲೆಕ್ಕ ಹಾಕಿ ನೋಡೋಣ. ಟಿಡಿಎಸ್ 1,100 ಎಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 1,100 ಮಿಲಿಗ್ರಾಂ ಲವಣಗಳು ಕರಗಿವೆ ಎಂದರ್ಥ. ರಾತ್ರಿಗೆ ಮೂರು ಲೀಟರ್ ಆವಿಯಾದರೆ 3.3 ಗ್ರಾಂ, ತಿಂಗಳಿಗೆ ಸುಮಾರು 100 ಗ್ರಾಂ ಲವಣ ಫಿಲ್ಟರ್ ಮತ್ತು ತಟ್ಟೆಯಲ್ಲಿ ಸೇರುತ್ತದೆ. ಅದರಲ್ಲಿ ಒಂದು ಪಾಲು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರ್ಬೊನೇಟ್‌ಗಳಾಗಿ, ಅಂದರೆ ಬಿಸಿನೀರಿನ ಹಂಡೆಯ ಒಳಗೋಡೆಗೆ ಕಟ್ಟುವ ಅದೇ ಬಿಳಿ ಪೊರೆಯಾಗಿ, ಕಾಗದದ ಸಂದುಗಳನ್ನು ಮುಚ್ಚುತ್ತದೆ. ಸಂದು ಮುಚ್ಚಿದ ಮೇಲೆ ನೀರು ಮೇಲೇರದು. ಫಿಲ್ಟರ್‌ನ ಮೇಲ್ಭಾಗಕ್ಕೆ ಏರುವಷ್ಟರಲ್ಲಿ ನೀರು ದಾರಿಯಲ್ಲೇ ಆವಿಯಾಗುತ್ತಾ ಬಂದು ಲವಣ ಗಾಢವಾಗಿರುವುದರಿಂದ ಮೊದಲು ಗಟ್ಟಿಯಾಗುವುದೂ ಅದೇ ಭಾಗ.

ತಯಾರಕರು ಹೇಳುವ ಮೂರು ತಿಂಗಳು ಸುಳ್ಳಲ್ಲ. ಅದು ಸಾಧಾರಣ ಗಡಸುತನದ ನೀರಿಗೆ ಹೇಳಿದ ಮಾತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವಾದ ಐಎಸ್ 10500:2012, ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರಿನ ಮೂಲವಿಲ್ಲದಾಗ 2,000ದವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಗಡಸುತನಕ್ಕೆ ಈ ಅಂಕಿಗಳು 200 ಮತ್ತು 600. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರನ್ನು ಸಾವಿರ ಅಡಿಗೂ ಆಳದಿಂದ ಎತ್ತುವ ಕೊಳವೆ ಬಾವಿಗಳು ಎಷ್ಟೋ ಇವೆ. ಅಂಥ ನೀರು ಕುಡಿಯುವ ಮಾನಕದ ಮೇಲಿನ ಮಿತಿಯೊಳಗೇ ಇದ್ದರೂ ಹ್ಯೂಮಿಡಿಫೈಯರ್‌ಗೆ ತೀರಾ ಭಾರವಾದ ನೀರು. ಆದ್ದರಿಂದ ನಮ್ಮ ಕಡೆ ಫಿಲ್ಟರ್‌ನ ಆಯುಷ್ಯವನ್ನು ತಿಂಗಳುಗಳಲ್ಲಿ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಅದನ್ನು ನಿರ್ಧರಿಸುವುದು ನೀವು ತುಂಬುವ ನೀರು.

ಹಾಗಾದರೆ ಯಾವ ನೀರು? ಇಲ್ಲಿ ನಮಗೊಂದು ಅನುಕೂಲವಿದೆ. ಕೊಳವೆ ಬಾವಿಯ ನೀರಿನ ಫ್ಲೋರೈಡ್ ತೊಂದರೆಯ ಕಾರಣದಿಂದ ಈ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಅವುಗಳಲ್ಲಿ ಬಹುಪಾಲು ಆರ್‌ಒ ಘಟಕಗಳೇ. ಸರಿಯಾಗಿ ನಡೆಯುತ್ತಿರುವ ಘಟಕದ ನೀರಿನ ಟಿಡಿಎಸ್ 50ರಿಂದ 100ರ ಆಸುಪಾಸಿನಲ್ಲಿರಬೇಕು. ಅದು 60 ಇದೆ ಎಂದುಕೊಳ್ಳಿ: ರಾತ್ರಿಯ ಮೂರು ಲೀಟರಿಗೆ 0.18 ಗ್ರಾಂ, ತಿಂಗಳಿಗೆ ಐದೂವರೆ ಗ್ರಾಂ ಲವಣ. ಬೋರ್‌ವೆಲ್ ನೀರಿನಿಂದ ಬರುವ 100 ಗ್ರಾಂನ ಮುಂದೆ ಇದು ಏನೂ ಅಲ್ಲ. ಒಂದು ಕ್ಯಾನ್ ನಿಮಗೆ ಆರು ರಾತ್ರಿಗೆ ಬರುತ್ತದೆ, ಮತ್ತು ಅದರ ಬೆಲೆಯನ್ನು ಹೊಸ ಫಿಲ್ಟರ್‌ನ ಬೆಲೆಯೊಂದಿಗೆ ಹೋಲಿಸಿದರೆ ಯಾವುದು ಅಗ್ಗವೆಂದು ಹೇಳಬೇಕಾಗಿಲ್ಲ. ಘಟಕದಲ್ಲಿ ಲವಣವನ್ನು ಸೋಸುವ ಮೆಂಬ್ರೇನ್ ಹಳೆಯದಾಗಿದ್ದರೆ ನೀರಿನ ಗುಣ ಇಳಿದಿರುತ್ತದೆ. ಆದ್ದರಿಂದ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಒಂದನ್ನು ತಂದಿಟ್ಟುಕೊಂಡು ತಿಂಗಳಿಗೊಮ್ಮೆ ಅದ್ದಿ ನೋಡಿ. ಮನೆಯಲ್ಲೇ ಆರ್‌ಒ ಇದ್ದರೆ ಅದರ ಶುದ್ಧ ನೀರೂ ಸರಿಯೇ. ಪಕ್ಕದ ಕೊಳವೆಯಲ್ಲಿ ಬಿಡುವ ತ್ಯಾಜ್ಯ ನೀರನ್ನು ಮಾತ್ರ, ಪೋಲಾಗುತ್ತದಲ್ಲ ಎಂಬ ಕಾಳಜಿಯಿಂದ, ಇದಕ್ಕೆ ಬಳಸಬೇಡಿ. ಲವಣವೆಲ್ಲ ಸೇರಿರುವುದು ಅದರಲ್ಲೇ.

ಉಳಿದ ನೀರುಗಳ ಬಗ್ಗೆಯೂ ತಿಳಿದಿರಲಿ. ಕುದಿಸಿ ಆರಿಸಿದ ಬೋರ್‌ವೆಲ್ ನೀರಿನಲ್ಲಿ ರೋಗಾಣುಗಳು ಸಾಯುತ್ತವೆ, ಬೈಕಾರ್ಬೊನೇಟ್ ರೂಪದ ಗಡಸುತನ ಪಾತ್ರೆಯ ತಳದಲ್ಲಿ ಕೂರುತ್ತದೆ. ಉಳಿದ ಲವಣಗಳು ಹಾಗೆಯೇ ಇರುತ್ತವೆ. ಕ್ಯಾಂಡಲ್ ಫಿಲ್ಟರ್ ಮತ್ತು ಬರೀ ಯುವಿ ಶುದ್ಧೀಕರಣ ಯಂತ್ರಗಳು ಕರಗಿದ ಲವಣವನ್ನು ಮುಟ್ಟುವುದೇ ಇಲ್ಲ. ಮನೆಯ ಮೇಲಿನ ಟ್ಯಾಂಕಿಗೆ ಕೂಡಿಸುವ ಸಾಫ್ಟನರ್‌ನ ವಿಷಯದಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದುಕೊಂಡು ಸೋಡಿಯಂ ಕೊಡುತ್ತದೆ, ಹಾಗಾಗಿ ಸೋಪು ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ. ಟಿಡಿಎಸ್ ಮಾತ್ರ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತದೆ. ಆ ನೀರಿನಿಂದ ಕಾಗದದ ಮೇಲೆ ಕೂರುವ ಉಪ್ಪು ತೊಳೆದರೆ ಕರಗಿ ಹೋಗುತ್ತದೆ ಎಂಬಷ್ಟು ಲಾಭವುಂಟು. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರನ್ನು, ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಳಸಬೇಡಿ: ಮೊದಲನೆಯದು ಉಸಿರಾಟಕ್ಕೆಂದು ತಯಾರಿಸಿದ್ದಲ್ಲ, ಎರಡನೆಯದು ಧೂಳು ತುಂಬಿದ ಸುರುಳಿಗಳ ಮೇಲಿಂದ ಹರಿದು ಬಂದದ್ದು.

ನಿಮ್ಮ ನೆಂಟರು ಹೇಳಿದ ಅಲ್ಟ್ರಾಸಾನಿಕ್ ಯಂತ್ರದ ಮಾತಿಗೆ ಬರೋಣ. ಅದರಲ್ಲಿ ಒಂದು ಪುಟ್ಟ ತಟ್ಟೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಕಂಪಿಸಿ, ನೀರನ್ನು ಕೆಲವೇ ಮೈಕ್ರಾನ್ ಗಾತ್ರದ ಹನಿಗಳನ್ನಾಗಿ ಒಡೆದು ಮಂಜಿನಂತೆ ಹೊರಗೆ ಬಿಡುತ್ತದೆ. ಇಲ್ಲಿ ನೀರು ಯಂತ್ರದೊಳಗೆ ಆವಿಯಾಗುವುದಿಲ್ಲ. ಹನಿಯೇ ಹೊರಗೆ ಬರುತ್ತದೆ, ಹನಿಯೊಂದಿಗೆ ಅದರಲ್ಲಿ ಕರಗಿದ ಲವಣವೂ, ಇದ್ದರೆ ಸೂಕ್ಷ್ಮಜೀವಿಗಳೂ ಬರುತ್ತವೆ. ಕೋಣೆಯಲ್ಲಿ ಹನಿ ಒಣಗಿದಾಗ ಉಳಿಯುವ ಕಣವೇ ಮೇಜು, ಟಿವಿ, ಬೀರುವಿನ ಮೇಲೆ ಕೂರುವ ಬಿಳಿ ಧೂಳು. ನಿಮ್ಮ ಬೋರ್‌ವೆಲ್ ನೀರನ್ನು ಅದಕ್ಕೆ ಹಾಕಿದರೆ ಫಿಲ್ಟರ್‌ನಲ್ಲಿ ಸಿಕ್ಕಿಬೀಳುತ್ತಿದ್ದ ಅದೇ 3.3 ಗ್ರಾಂ ಲವಣ ಪ್ರತಿ ರಾತ್ರಿ ತಾಯಿಯವರ ಕೋಣೆಯ ಗಾಳಿಗೆ ಸೇರುತ್ತದೆ. ಇದು ಎಷ್ಟೆಂದು ತಿಳಿಯಲು ಒಂದು ಹೋಲಿಕೆ: 10 ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಹೊರಗಿನ ಗಾಳಿಯಲ್ಲಿ ಪಿಎಂ 2.5 ಕಣಗಳು (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣಗಳು) 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎಂಬುದು 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನಕ. ಆ ಲೆಕ್ಕದಲ್ಲಿ ಇಡೀ ಕೋಣೆಯ ಗಾಳಿಯಲ್ಲಿ ಒಂದು ಹೊತ್ತಿನಲ್ಲಿ ಇರಬಹುದಾದ ಸೂಕ್ಷ್ಮ ಕಣಗಳ ಒಟ್ಟು ತೂಕ ಎರಡು ಮಿಲಿಗ್ರಾಂಗಿಂತ ಕಡಿಮೆ. ಯಂತ್ರ ಬಿಡುವ 3,300 ಮಿಲಿಗ್ರಾಂನಲ್ಲಿ ಬಹುಪಾಲು ನೆಲಕ್ಕೆ ಕೂತರೂ, ಕಿಟಕಿಯ ಸಂದಿನಿಂದ ಹೊರಗೆ ಹೋದರೂ ಉಳಿಯುವುದು ಸಣ್ಣ ಪ್ರಮಾಣವಲ್ಲ. ಒಣಗಿದ ಮೂಗಿಗೆ ಪರಿಹಾರ ಹುಡುಕುತ್ತಾ ಉಸಿರಿಗೆ ಧೂಳು ತುಂಬಿದಂತಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದೂ ಇದೇ ದಾರಿ ಹಿಡಿಯುತ್ತದೆ. ನಿಮ್ಮಲ್ಲಿರುವ ಆವಿ ಬಗೆಯ ಯಂತ್ರದಲ್ಲಾದರೆ ಫ್ಲೋರೈಡ್ ಲವಣಗಳು ಗಾಳಿಗೆ ಹೋಗದೆ ಕಾಗದದಲ್ಲೇ ನಿಲ್ಲುತ್ತವೆ.

ಅಲ್ಟ್ರಾಸಾನಿಕ್ ಯಂತ್ರಗಳಿಗೆ ಫಿಲ್ಟರ್ ಇಲ್ಲವೆಂಬುದೂ ಪೂರ್ತಿ ನಿಜವಲ್ಲ. ಹಲವು ಮಾದರಿಗಳಲ್ಲಿ ನೀರಿನ ತೊಟ್ಟಿಯ ಮುಚ್ಚಳಕ್ಕೆ ಕೂಡಿಸುವ, ರಾಳದ ಸಣ್ಣ ಮಣಿಗಳು ತುಂಬಿದ ಕಾರ್ಟ್ರಿಜ್ ಇರುತ್ತದೆ. ಆ ಮಣಿಗಳು ನೀರಿನ ಲವಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ 100 ಮಿಲಿಲೀಟರ್‌ನಷ್ಟು ಮಣಿಗಳು ಹಿಡಿಯಬಲ್ಲದ್ದು ಎರಡು ಮೂರು ಗ್ರಾಂ ಲವಣವನ್ನಷ್ಟೇ. ನಿಮ್ಮ ನೀರಿಗೆ ಅದು ಒಂದೇ ರಾತ್ರಿಯ ಬಾಳಿಕೆ. ತುಂಬಿದ ಮೇಲೆ ಸಾಮಾನ್ಯವಾಗಿ ಮಣಿಗಳ ಬಣ್ಣವೂ ಬದಲಾಗದು, ಹೊರಗಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ, ಮೇಜಿನ ಮೇಲೆ ಬಿಳಿ ಧೂಳು ಮತ್ತೆ ಕಂಡಾಗಲೇ ತಿಳಿಯುವುದು. ಆರ್‌ಒ ನೀರು ಹಾಕುವವರಿಗೆ ಅದೇ ಕಾರ್ಟ್ರಿಜ್ ಸುಮಾರು ಎರಡು ವಾರ ಕೆಲಸ ಮಾಡುತ್ತದೆ. ಬೆಳ್ಳಿಯ ಕಡ್ಡಿ, ರೋಗಾಣು ನಿರೋಧಕ ಲೇಪನ ಇತ್ಯಾದಿಗಳು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ಸ್ವಲ್ಪ ನಿಧಾನಿಸಬಹುದು, ತೊಳೆಯುವ ಕೆಲಸವನ್ನು ತಪ್ಪಿಸುವುದಿಲ್ಲ. ಒಟ್ಟಿನಲ್ಲಿ ಗಡಸು ನೀರನ್ನೇ ಬಳಸಬೇಕಾದ ಮನೆಗೆ ನಿಮ್ಮಲ್ಲಿರುವ ಯಂತ್ರವೇ ಒಳ್ಳೆಯದು; ಅದನ್ನು ಬದಲಿಸುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಆರೈಕೆಯ ಕ್ರಮ. ಪ್ರತಿದಿನ ಬೆಳಗ್ಗೆ ತೊಟ್ಟಿ ಮತ್ತು ತಟ್ಟೆ ಎರಡರಲ್ಲೂ ಉಳಿದ ನೀರನ್ನು ಚೆಲ್ಲಿ, ಒರೆಸಿ, ಸಂಜೆ ಹೊಸ ನೀರು ತುಂಬಿ. ಕಡಿಮೆಯಾದಷ್ಟನ್ನು ಮಾತ್ರ ಮೇಲಿನಿಂದ ತುಂಬುತ್ತಾ ಹೋಗುವುದೇ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು, ಮತ್ತು ಫಿಲ್ಟರ್ ಬೇಗ ಕೆಡಲು ಗಡಸು ನೀರಿನ ನಂತರದ ದೊಡ್ಡ ಕಾರಣವೂ ಅದೇ. ಪ್ರತಿ ರಾತ್ರಿಯ ಲವಣ ತಟ್ಟೆಯ ನೀರಿನಲ್ಲೇ ಉಳಿದು, ನಾಲ್ಕಾರು ದಿನಗಳಲ್ಲಿ ಆ ನೀರು ಮೂಲ ಬೋರ್‌ವೆಲ್ ನೀರಿಗಿಂತ ಹಲವು ಪಟ್ಟು ಗಾಢವಾಗಿರುತ್ತದೆ. ಆರ್‌ಒ ನೀರನ್ನೂ ದಿನವೂ ಬದಲಿಸಲೇಬೇಕು; ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ನಿಂತರೆ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುತ್ತವೆ. ನೀರು ಚೆಲ್ಲಿದ ಮೇಲೆ ಫಿಲ್ಟರನ್ನು ಒದ್ದೆಯಾಗಿಯೇ ಮುಚ್ಚಿಡಬೇಡಿ. ಖಾಲಿ ಯಂತ್ರದ ಫ್ಯಾನನ್ನು ಒಂದೆರಡು ಗಂಟೆ ನಡೆಸಿ, ಅಥವಾ ಫಿಲ್ಟರ್ ಹೊರತೆಗೆದು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ನೀವು ಹೇಳಿದ ಮುಗ್ಗಲು ವಾಸನೆ ಹುಟ್ಟುವುದು ಹಗಲೆಲ್ಲ ಅರೆಒದ್ದೆಯಾಗಿ, ಗಾಳಿಯಿಲ್ಲದೆ ಕುಳಿತ ಕಾಗದದಲ್ಲಿ; ಈ ಒಂದು ಅಭ್ಯಾಸದಿಂದಲೇ ಹೊಸ ಫಿಲ್ಟರ್‌ನಲ್ಲಿ ಅದು ಬಾರದಂತೆ ಬಹುಮಟ್ಟಿಗೆ ತಡೆಯಬಹುದು.

ಮೂರು ದಿನಕ್ಕೊಮ್ಮೆ ತೊಟ್ಟಿ ಮತ್ತು ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯ ಹ್ಯೂಮಿಡಿಫೈಯರ್‌ಗಳ ಬಗ್ಗೆ ಕೊಟ್ಟಿರುವ ಸಲಹೆಯೂ ಇದೇ ಅವಧಿಯದು. ಪೊರೆ ಕಟ್ಟಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಅಥವಾ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಲೀಟರಿಗೆ ಎರಡು ಚಮಚದಷ್ಟು ಕರಗಿಸಿ, ಅರ್ಧ ಗಂಟೆ ನಿಲ್ಲಿಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಹುಳಿಯ ವಾಸನೆ ಹೋಗುವವರೆಗೆ ಎರಡು ಮೂರು ಸಲ ತೊಳೆಯಿರಿ. ವಿನೆಗರ್ ಇದ್ದ ಪಾತ್ರೆಗೆ ಬ್ಲೀಚಿಂಗ್ ಪುಡಿ ತಾಗಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ, ಆದ್ದರಿಂದ ಆ ಎರಡನ್ನೂ ಒಂದೇ ಜಾಗದಲ್ಲಿ ಬಳಸಲೇಬೇಡಿ. ಹುಳಿಗೆ ಕರಗದ ಗಾಜಿನಂಥ ಪೊರೆ ಕೆಲವೊಮ್ಮೆ ಉಳಿಯುತ್ತದೆ. ಅದು ಸಿಲಿಕಾ ಅಥವಾ ಸಲ್ಫೇಟ್ ಇರಬಹುದು. ಚಾಕುವಿನಿಂದ ಕೆರೆದು ಪ್ಲಾಸ್ಟಿಕ್ಕಿಗೆ ಗೀರು ಹಾಕಬೇಡಿ, ಗೀರುಗಳಲ್ಲೇ ಲೋಳೆ ಕಟ್ಟುತ್ತದೆ.

ಫಿಲ್ಟರನ್ನು ತೊಳೆಯುವ ಮೊದಲು ಅದು ಯಾವುದರಿಂದ ಮಾಡಿದ್ದೆಂದು ನೋಡಿ. ನಿಮ್ಮದರಂತೆ ಕಾಗದದ್ದಾದರೆ ವಾರಕ್ಕೊಮ್ಮೆ ತಣ್ಣೀರಿನಲ್ಲಿ, ಸಾಧ್ಯವಿದ್ದರೆ ಆರ್‌ಒ ನೀರಿನಲ್ಲಿ, ಕಾಲು ಗಂಟೆ ಮುಳುಗಿಸಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಎತ್ತಿ ನೀರು ಸೋರಲು ಬಿಡಬೇಕು. ಬಟ್ಟೆ ಹಿಂಡಿದಂತೆ ಹಿಂಡಬಾರದು, ಉಜ್ಜಬಾರದು, ಜೋರಾದ ನಲ್ಲಿಯ ಧಾರೆಗೆ ಹಿಡಿಯಬಾರದು; ನಾರು ಬಿಟ್ಟುಕೊಂಡು ಪದರಗಳು ಕುಸಿಯುತ್ತವೆ. ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ ತೆಳುವಾದ ವಿನೆಗರ್ ನೀರಿನಲ್ಲಿ 20 ನಿಮಿಷ ನೆನೆಸಬಹುದು. ಮತ್ತೆ ಕೂಡಿಸುವಾಗ, ಆಕಾರ ಅವಕಾಶ ಕೊಟ್ಟರೆ, ಮೇಲಿನ ಅಂಚು ಕೆಳಗಾಗುವಂತೆ ತಿರುಗಿಸಿ ಇಡಿ. ಮೇಲೆ ಕಟ್ಟಿದ ಲವಣ ಕೆಳಗಿನ ನೀರಿನಲ್ಲಿ ಸ್ವಲ್ಪ ಕರಗುತ್ತದೆ, ಸವೆತ ಎರಡೂ ಕಡೆ ಹಂಚಿಹೋಗುತ್ತದೆ. ಕೆಲವು ಯಂತ್ರಗಳಲ್ಲಿ ಪಾಲಿಯೆಸ್ಟರ್ ನಾರಿನ, ತೊಳೆಯಬಹುದಾದ ಫಿಲ್ಟರ್ ಬರುತ್ತದೆ. ಅದು ನಿಂಬೆ ಉಪ್ಪಿನ ನೀರಿನಲ್ಲಿ ಒಂದು ಗಂಟೆ ನೆನೆಯುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮುಂದೆ ಯಂತ್ರ ಕೊಳ್ಳುವವರು ಇಂಥ ಫಿಲ್ಟರ್ ಇರುವುದನ್ನೇ ಆರಿಸಿದರೆ ನಮ್ಮ ಜಿಲ್ಲೆಗಳ ನೀರಿಗೆ ಹೊಂದುತ್ತದೆ. ಯಾವುದೇ ಫಿಲ್ಟರ್‌ಗೆ ಸೋಪಿನ ಪುಡಿ ಬೇಡ. ನೀಲಗಿರಿ ಎಣ್ಣೆ, ಕರ್ಪೂರ, ನೆಗಡಿಯ ಮುಲಾಮುಗಳನ್ನು ನೀರಿಗೆ ಹಾಕುವುದೂ ಬೇಡ: ಎಣ್ಣೆ ನಾರಿಗೆ ಅಂಟಿದರೆ ನೀರು ಹೀರುವ ಗುಣವೇ ಹೋಗುತ್ತದೆ. ಯಂತ್ರವಿರುವ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿಯನ್ನೂ ಹಚ್ಚದಿದ್ದರೆ ಒಳ್ಳೆಯದು. ಒದ್ದೆ ಕಾಗದ ಹೊಗೆಯ ವಾಸನೆಯನ್ನು ಹೀರಿ ಇಟ್ಟುಕೊಂಡು ದಿನಗಟ್ಟಲೆ ಹಿಂದಿರುಗಿಸುತ್ತದೆ.

ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ? ಬಣ್ಣವನ್ನು ನೋಡಿ ನಿರ್ಧರಿಸಬೇಡಿ. ನೀರಿನ ಕಬ್ಬಿಣ ಮತ್ತು ಲವಣದಿಂದ ಕಾಗದ ಹಳದಿಯಾಗುವುದು ಸಹಜ, ಅಷ್ಟರಿಂದಲೇ ಅದು ಕೆಟ್ಟಿತೆಂದಲ್ಲ. ನಂಬಬಹುದಾದ ಪರೀಕ್ಷೆ ನೀರಿನ ಖರ್ಚು. ಹೊಸ ಫಿಲ್ಟರ್ ಹಾಕಿದ ಮೊದಲ ವಾರ, ಫ್ಯಾನನ್ನು ಒಂದೇ ವೇಗದಲ್ಲಿಟ್ಟು ರಾತ್ರಿಗೆ ಎಷ್ಟು ನೀರು ಖರ್ಚಾಯಿತೆಂದು ಬರೆದಿಟ್ಟುಕೊಳ್ಳಿ. ಹವೆ ಅಷ್ಟೇ ಒಣಗಿರುವಾಗ ಅದೇ ವೇಗದಲ್ಲಿ ಖರ್ಚು ಅರ್ಧಕ್ಕೆ ಇಳಿದರೆ, ತೊಳೆದ ಮೇಲೂ ಏರದಿದ್ದರೆ, ಫಿಲ್ಟರ್ ಮುಗಿಯಿತು. ತಟ್ಟೆಯಲ್ಲಿ ನೀರಿದ್ದೂ ಮೇಲ್ಭಾಗ ಒಣಗಿಯೇ ಇರುವುದು, ಒಣಗಿದಾಗ ಹಪ್ಪಳದಂತೆ ಮುರಿಯುವುದು ಇದೇ ಸ್ಥಿತಿಯ ಗುರುತುಗಳು. ಕಪ್ಪು ಅಥವಾ ಹಸಿರು ಚುಕ್ಕೆ, ಗುಲಾಬಿ ಬಣ್ಣದ ಲೋಳೆ ಕಂಡರೆ, ತೊಳೆದು ಒಣಗಿಸಿದ ಮೇಲೂ ಮುಗ್ಗಲು ವಾಸನೆ ಉಳಿದರೆ ಯಾವ ಲೆಕ್ಕವನ್ನೂ ನೋಡದೆ ಎಸೆಯಿರಿ. ನೀವು ವರ್ಣಿಸಿದ ಫಿಲ್ಟರ್ ಗಟ್ಟಿಯೂ ಆಗಿದೆ, ವಾಸನೆಯೂ ಬಂದಿದೆ. ಅದನ್ನು ಉಳಿಸುವ ಪ್ರಯತ್ನ ಬೇಡ. ವಯಸ್ಸಾದವರು ಮಲಗುವ ಕೋಣೆ ಅದು. ಕೊಳಕಾದ ಹ್ಯೂಮಿಡಿಫೈಯರ್‌ನಿಂದ ಜ್ವರ, ಮೈಕೈ ನೋವು, ಕೆಮ್ಮು ಬರುವುದು ವೈದ್ಯಶಾಸ್ತ್ರದಲ್ಲಿ ದಾಖಲಾಗಿರುವ ಕಾಯಿಲೆ. ಯಂತ್ರ ಹಾಕಿದ ದಿನಗಳಲ್ಲಿ ತಾಯಿಯವರಿಗೆ ಕೆಮ್ಮು, ಮೈ ಬೆಚ್ಚಗಾಗುವುದು ಹೆಚ್ಚಿ, ನಿಲ್ಲಿಸಿದಾಗ ಕಡಿಮೆಯಾದರೆ, ಯಂತ್ರವನ್ನು ಬಂದ್ ಮಾಡಿ ಈ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮೂಗಿನ ರಕ್ತ ಮತ್ತೆ ಮತ್ತೆ ಕಾಣಿಸಿಕೊಂಡರೆ ಗಾಳಿಯ ಒಣತನವೊಂದೇ ಕಾರಣವೆಂದು ಕೂರದೆ ಅದನ್ನೂ ತೋರಿಸಿ.

ಕೂಲರ್ ಪ್ಯಾಡ್ ಕತ್ತರಿಸಿ ಹಾಕುವ ಉಪಾಯ ಕೆಲಸ ಮಾಡುವುದಿಲ್ಲ. ಕೂಲರ್‌ನಲ್ಲಿ ಪಂಪು ನೀರನ್ನು ಮೇಲಿನಿಂದ ಸುರಿಯುತ್ತದೆ, ಆದ್ದರಿಂದ ಅದರ ಜೇನುಗೂಡಿನ ಪ್ಯಾಡಾಗಲಿ, ಮರದ ನಾರಿನ ಹುಲ್ಲು ಪ್ಯಾಡಾಗಲಿ ಕೆಳಗಿನಿಂದ ನೀರನ್ನು ಮೇಲೆಳೆಯುವಂತೆ ತಯಾರಾಗಿರುವುದಿಲ್ಲ. ತಟ್ಟೆಯಲ್ಲಿ ನಿಲ್ಲಿಸಿದರೆ ಬುಡದ ಒಂದಿಷ್ಟು ಭಾಗ ಒದ್ದೆಯಾಗಿ ಉಳಿದದ್ದು ಒಣಗಿರುತ್ತದೆ. ಅಂಚಿನಲ್ಲಿ ಸಂದು ಉಳಿದರೆ ಗಾಳಿಯೆಲ್ಲ ಅಲ್ಲಿಂದಲೇ ನುಸುಳುತ್ತದೆ. ಬೇರೆ ಹೆಸರಿನಲ್ಲಿ ಬರುವ, ನಿಮ್ಮ ಮಾದರಿಯ ಅಳತೆಗೆ ಸರಿಯಾಗಿ ಹೊಂದುವ ಫಿಲ್ಟರ್ ಸಿಕ್ಕರೆ ಅದನ್ನು ಧಾರಾಳವಾಗಿ ಬಳಸಬಹುದು. ಉದ್ದ, ಎತ್ತರ, ದಪ್ಪ ಮೂರನ್ನೂ ಅಳೆದುಕೊಂಡೇ ತರಿಸಿ. ಹೊಸದು ಬರುವವರೆಗೆ ಯಂತ್ರವನ್ನು ನಿಲ್ಲಿಸಿ, ಒಗೆದ ದಪ್ಪ ಹತ್ತಿಯ ಪಂಚೆ ಅಥವಾ ಟವೆಲನ್ನು ಶುದ್ಧ ನೀರಿನಲ್ಲಿ ಅದ್ದಿ, ಹಿಂಡಿ, ಕೋಣೆಯಲ್ಲಿ ಹಗ್ಗದ ಮೇಲೆ ಹರವಿ, ಫ್ಯಾನನ್ನು ನಿಧಾನವಾಗಿ ತಿರುಗಲು ಬಿಡಿ. ಬೆಳಗಾಗುವ ಹೊತ್ತಿಗೆ ಎರಡು ಟವೆಲ್‌ಗಳಿಂದ ಅರ್ಧ ಲೀಟರಿನಷ್ಟಾದರೂ ನೀರು ಗಾಳಿಗೆ ಸೇರಿರುತ್ತದೆ, ಮತ್ತು ಮರುದಿನ ಬಟ್ಟೆಯನ್ನು ಒಗೆದರೆ ಆರೈಕೆ ಮುಗಿಯಿತು.

ಅರ್ಧ ಲೀಟರ್ ಏನು ಮಹಾ ಎನಿಸಬಹುದು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 25 ಗ್ರಾಂ ನೀರಾವಿಯನ್ನು ಹಿಡಿಯುತ್ತದೆ. 28 ಘನ ಮೀಟರಿನ ಕೋಣೆಯ ತೇವಾಂಶವನ್ನು ಶೇಕಡಾ 28ರಿಂದ 45ಕ್ಕೆ ಏರಿಸಲು ಬೇಕಾಗುವುದು 120 ಗ್ರಾಂ ನೀರು, ಒಂದು ಲೋಟವೂ ಅಲ್ಲ. ಉಳಿದದ್ದೆಲ್ಲ ಬಾಗಿಲು ಕಿಟಕಿಗಳಿಂದ ಗಾಳಿ ಬದಲಾಗುವುದಕ್ಕೆ ತೆರುವ ನೀರು. ರಾತ್ರಿಗೆ ಮೂರು ಲೀಟರ್ ಖರ್ಚಾಗುತ್ತಿದೆ ಎಂದರೆ ನಿಮ್ಮ ಕೋಣೆಯಲ್ಲಿ ಗಾಳಿಯಾಟ ಸಾಕಷ್ಟಿದೆ. ಕಿಟಕಿಯನ್ನು ಪೂರ್ತಿ ಮುಚ್ಚುವುದು ಬೇಡ, ಬಾಗಿಲನ್ನು ಓರೆ ಮಾಡಿಕೊಂಡು ಖರ್ಚು ಎಷ್ಟು ಇಳಿಯುತ್ತದೆ ನೋಡಿ. ಆವಿಯಾಗುವ ನೀರು ಕಡಿಮೆಯಾದಷ್ಟೂ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ.

ಇದಕ್ಕಾಗಿ ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದು ಹಾಸಿಗೆಯ ಬಳಿ ಇರಲಿ. ಹುಳು ಮನೆಯಲ್ಲಿ ಇದ್ದರೆ ಅದನ್ನೇ ತಂದು ನೋಡಬಹುದು. ಅಲ್ಲಿನ ಅಂಕಿಯನ್ನು ಮಾತ್ರ ಇಲ್ಲಿಗೆ ತರಬೇಡಿ: ಚಾಕಿ ಹಂತದ, ಅಂದರೆ ಎಳೆಯ ರೇಷ್ಮೆ ಹುಳುಗಳಿಗೆ ಶೇಕಡಾ 80ರಿಂದ 90ರಷ್ಟು ತೇವಾಂಶ ಬೇಕು, ಮನುಷ್ಯರ ಕೋಣೆಗೆ 40ರಿಂದ 50 ಸಾಕು. 60 ದಾಟಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಹಾಸಿಗೆಯ ಧೂಳಿನ ನುಸಿಗಳು ಹೆಚ್ಚುತ್ತವೆ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಚರ್ಮ ಬಿರಿದರೂ ಬೆಳಗಿನ ಗಾಳಿಯಲ್ಲಿ ಮಂಜು ಇರುತ್ತದೆ. ನಿಜವಾಗಿ ಗಾಳಿ ಒಣಗುವುದು ಶಿವರಾತ್ರಿಯ ಆಸುಪಾಸಿನಿಂದ, ಮುಂಗಾರು ಪೂರ್ವದ ಮಳೆ ಬೀಳುವವರೆಗೆ. ಆ ದಿನಗಳ ಮಧ್ಯಾಹ್ನ ತೇವಾಂಶ 30ಕ್ಕೂ ಕೆಳಗೆ ಇಳಿಯುವುದುಂಟು. ಮಾಪಕ 40 ತೋರಿಸುವ ರಾತ್ರಿ ಯಂತ್ರವನ್ನು ಹಾಕಲೇಬೇಡಿ. ಹೀಗೆ ನಡೆಸಿದರೆ ಆರ್‌ಒ ನೀರು ಬಳಸುವ ನಿಮ್ಮಂಥ ಮನೆಗೆ ಇಡೀ ಹಂಗಾಮಿಗೆ ಒಂದು ಫಿಲ್ಟರ್, ಎಚ್ಚರಿಕೆಗೆ ಇನ್ನೊಂದು, ಸಾಕಾಗುತ್ತದೆ. ಎರಡನೆಯದರ ಪ್ಲಾಸ್ಟಿಕ್ ಹೊದಿಕೆಯನ್ನು ಬೇಕಾಗುವವರೆಗೆ ಬಿಚ್ಚಬೇಡಿ.

ಮಳೆಗಾಲಕ್ಕೆ ಯಂತ್ರವನ್ನು ಎತ್ತಿಡುವಾಗ ಬಳಸಿದ ಕಾಗದದ ಫಿಲ್ಟರನ್ನು ಅದರೊಳಗೆ ಬಿಡಬೇಡಿ. ಒಣಗಿದಂತೆ ಕಂಡರೂ ಅದರ ಲವಣ ಮಳೆಗಾಲದ ತೇವವನ್ನು ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ, ಹಾಗಾಗಿ ಮುಂದಿನ ವರ್ಷಕ್ಕೆಂದು ಅದನ್ನು ಉಳಿಸಿಕೊಳ್ಳುವುದು ಉಳಿತಾಯವಾಗದು. ತೊಟ್ಟಿ, ತಟ್ಟೆಗಳನ್ನು ನಿಂಬೆ ಉಪ್ಪಿನ ನೀರಿನಿಂದ ಕೊನೆಯ ಸಲ ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮುಚ್ಚಳವನ್ನು ಬಿಗಿಯಾಗಿ ಹಾಕದೆ, ಇಲಿ ಜಿರಳೆಗಳು ಸೇರದಂತೆ ಬಟ್ಟೆಯ ಚೀಲದಲ್ಲಿ ಕಟ್ಟಿ, ಒಣ ಜಾಗದಲ್ಲಿ ಇಡಿ.